ಕಡಲೂರಿನಲ್ಲಿ ಕಣ್ಮುಚ್ಚಿದ ಕೋವಿಯ ಗಣಿತಜ್ಞ

ನಮ್ಮ ಮಲೆನಾಡಿನ ಕಡೆ ಕೋವಿಗಳಲ್ಲಿ ಎರಡೇ ಜಾತಿ. ಒಂದು ಕೇಪಿನ ಕೋವಿ, ಇನ್ನೊಂದು ತೋಟೆ ಕೋವಿ. ಮೊದಲನೆಯದಕ್ಕೆ ಬಾಯಿಯ ಕಡೆಯಿಂದ ಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ ಸರಳಿನಿಂದ ಜಡಿಯಬೇಕು. ಎರಡನೆಯದನ್ನು ಮಡಚಿ ಹಿಂದಿನಿಂದ ತೋಟೆ ಇಟ್ಟರೆ ಮುಗಿಯಿತು. ಅಡಿಕೆ ತೋಟಕ್ಕೆ ನುಗ್ಗುವ ಹಂದಿ, ಮಂಗಗಳನ್ನು ಬೆದರಿಸಲು ಇವೇ ಸಾಕು. ಚುನಾವಣೆ ಬಂತೆಂದರೆ ಎರಡೂ ಜಾತಿಯವು ಪೊಲೀಸ್ ಠಾಣೆಯಲ್ಲಿ ಸಾಲಾಗಿ ಒರಗಿ ಕೂರುತ್ತವೆ. ರೈಫಲ್ ಎಂಬುದು ಆ ಠಾಣೆಯ ಪೊಲೀಸರ ಹೆಗಲಲ್ಲಿರುವ ವಸ್ತು ಎನ್ನುವಲ್ಲಿಗೆ ನಮ್ಮೂರಿನ ವಿವರಣೆ ನಿಲ್ಲುತ್ತದೆ. ಸುದ್ದಿ ಬರೆಯುವವರಿಗಂತೂ ಎಲ್ಲವೂ ಬಂದೂಕೇ.

ವ್ಯತ್ಯಾಸ ಕಾಣಬೇಕಾದರೆ ನಳಿಗೆಯ ಒಳಗೆ ನೋಡಬೇಕು. ಹಳೆಯ ಕಾಲದ ಸೈನಿಕರು ಹಿಡಿಯುತ್ತಿದ್ದ ಮಸ್ಕೆಟ್‌ನ ನಳಿಗೆ ಒಳಗಡೆ ನೀರಿನ ಪೈಪಿನಂತೆ ನುಣುಪು. ರೈಫಲ್‌ನ ನಳಿಗೆಯೊಳಗೆ ತಿರುಪಿನ ಮರೆಯಂತೆ ಸುರುಳಿಯಾಗಿ ಕೊರೆದ ಗೀರುಗಳಿರುತ್ತವೆ. ರೈಫಲ್ ಎಂಬ ಹೆಸರು ಬಂದದ್ದೂ ಆ ಗೀರುಗಳಿಂದಲೇ. ಹೊರಗಿನಿಂದ ನೋಡಿದರೆ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಒಂದರಿಂದ ನೂರು ಗಜದಾಚೆಗೆ ಗುರಿ ಇಡುವುದು ಅದೃಷ್ಟದ ಆಟ. ಇನ್ನೊಂದು ಅದರ ಎರಡು ಮೂರು ಪಟ್ಟು ದೂರಕ್ಕೂ ಹೇಳಿದ ಮಾತು ಕೇಳುತ್ತದೆ.

ಆ ಗೀರುಗಳು ಗುಂಡಿಗೆ ಏನು ಮಾಡುತ್ತವೆ ಎಂದು ಮೊದಲು ಪ್ರಯೋಗ ಮಾಡಿ ವಿವರಿಸಿದವನು ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ. ತೋಪು, ಗುಂಡುಗಳ ಶಾಸ್ತ್ರ ಓದಿದವರಿಗೆ ಇದು ದೊಡ್ಡ ಹೆಸರು. ಎಂ.ಟೆಕ್ ಓದುವಾಗ ಗಾಳಿಯ ಪ್ರತಿರೋಧ ಸೇರಿಸಿ ಗುಂಡಿನ ಪಥ ಲೆಕ್ಕ ಹಾಕುವ ಪ್ರೋಗ್ರಾಂ ಒಂದನ್ನು ಬರೆದಿದ್ದೆ. ಆ ಪಾಠದ ಪುಸ್ತಕದ ಅಡಿಟಿಪ್ಪಣಿಯಲ್ಲಿ ನನಗೆ ಈ ಹೆಸರು ಸಿಕ್ಕಿತು. ಕೆಲಸಕ್ಕೆಂದು ಚೆನ್ನೈಗೆ ಬಂದ ಮೇಲೆ ತಿಳಿದ ಇನ್ನೊಂದು ಸಂಗತಿಯಿಂದ ಆ ಹೆಸರು ಮನಸ್ಸಿನಲ್ಲೇ ಉಳಿಯಿತು. ಈ ಮನುಷ್ಯ ಸತ್ತದ್ದು ಲಂಡನ್ನಿನಲ್ಲಲ್ಲ, ಇಲ್ಲಿಂದ ದಕ್ಷಿಣಕ್ಕೆ ಸುಮಾರು 180 ಕಿಲೋಮೀಟರ್ ದೂರದ ಕಡಲೂರಿನಲ್ಲಿ. ಕಂಪನಿಯೊಂದರ ಎಂಜಿನಿಯರ್ ಆಗಿ ಪರದೇಶಕ್ಕೆ ಬಂದು, ಬಂದ ವರ್ಷಕ್ಕೇ.

ರಾಬಿನ್ಸ್ ಹುಟ್ಟಿದ್ದು 1707ರಲ್ಲಿ, ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ. ತಂದೆತಾಯಿ ಬಡವರು. ಕ್ವೇಕರ್ ಪಂಥದವರು. ಯುದ್ಧವನ್ನೇ ಪಾಪವೆಂದು ಬಗೆದು ಆಯುಧ ಮುಟ್ಟದ ಕ್ರೈಸ್ತರು ಕ್ವೇಕರರು. ಅಂಥ ಮನೆಯ ಹುಡುಗ ಮುಂದೆ ಕೋವಿಗಳ ಶಾಸ್ತ್ರವನ್ನೇ ಕಟ್ಟಿದ. ಊರಿನಲ್ಲಿ ಕಾಲೇಜು ಓದು ಅವನಿಗೆ ದಕ್ಕಲಿಲ್ಲ. ಗಣಿತವನ್ನು ಬಹುಮಟ್ಟಿಗೆ ತಾನೇ ಕಲಿತ. ಅವನ ಬುದ್ಧಿಯನ್ನು ಕಂಡವರು ಲಂಡನ್ನಿನ ಹೆನ್ರಿ ಪೆಂಬರ್ಟನ್ ಅವರಿಗೆ ವಿಷಯ ಮುಟ್ಟಿಸಿದರು. ನ್ಯೂಟನ್ನರ ಪ್ರಿನ್ಸಿಪಿಯಾ ಗ್ರಂಥದ ಮೂರನೆಯ ಆವೃತ್ತಿಯನ್ನು ಸಂಪಾದಿಸಿದವರು ಈ ಪೆಂಬರ್ಟನ್. ಹುಡುಗ ಲಂಡನ್ ಸೇರಿದ, ಗಣಿತದ ಮನೆಪಾಠ ಹೇಳಿ ಹೊಟ್ಟೆ ಹೊರೆದ. 1727ರಲ್ಲಿ, ಇನ್ನೂ ಇಪ್ಪತ್ತರ ವಯಸ್ಸಿನಲ್ಲಿ, ರಾಯಲ್ ಸೊಸೈಟಿಯ ಸದಸ್ಯನಾದ.

ಮನೆಪಾಠದ ಬದುಕು ಅವನಿಗೆ ಬೇಗ ಬೇಸರವಾಯಿತು. ಕೂತು ಹೇಳುವ ಕೆಲಸ ಬಿಟ್ಟು ಓಡಾಡಿ ಮಾಡುವ ಕೆಲಸ ಹಿಡಿದ. ಸೇತುವೆ, ಬಂದರು, ಗಿರಣಿ, ಜೌಗು ನೆಲ ಬಸಿಯುವುದು ಹೀಗೆ ಎಂಜಿನಿಯರಿಂಗ್ ಕಡೆ ತಿರುಗಿದ. ಫ್ಲಾಂಡರ್ಸ್ ಪ್ರಾಂತ್ಯಕ್ಕೆ ಹೋಗಿ ಅಲ್ಲಿನ ಕೋಟೆಗಳನ್ನು ನೋಡಿ ಬಂದ. ನಡುನಡುವೆ ರಾಜಕೀಯದ ಕಿರುಹೊತ್ತಿಗೆಗಳನ್ನೂ ಬರೆದ, ಅದೂ ಆಗಿನ ಪ್ರಧಾನಿ ವಾಲ್‌ಪೋಲ್ ವಿರುದ್ಧ. ವುಲಿಚ್‌ನಲ್ಲಿ ಹೊಸದಾಗಿ ತೆರೆದ ಸೈನಿಕ ಅಕಾಡೆಮಿಗೆ 1741ರಲ್ಲಿ ಪ್ರಾಧ್ಯಾಪಕರು ಬೇಕಾದಾಗ ರಾಬಿನ್ಸ್ ಆಸೆಪಟ್ಟ. ಕೆಲಸ ಬೇರೆಯವರಿಗೆ ಹೋಯಿತು. ಆ ಪಾಠಗಳಿಗೆಂದು ಮಾಡಿಕೊಂಡಿದ್ದ ತಯಾರಿಯೇ ಬೆಳೆದು 1742ರಲ್ಲಿ ಪುಸ್ತಕವಾಗಿ ಹೊರಬಂತು. ಅದರ ಹೆಸರು ನ್ಯೂ ಪ್ರಿನ್ಸಿಪಲ್ಸ್ ಆಫ್ ಗನ್ನರಿ. ಗಾತ್ರದಲ್ಲಿ ಚಿಕ್ಕದು. ತೋಪುಗಳ ವಿದ್ಯೆಯನ್ನು ಅದು ಬುಡಸಮೇತ ಅಲ್ಲಾಡಿಸಿತು.

ಅದಕ್ಕೆ ಮೊದಲು ತೋಪಿನವರು ನಂಬಿದ್ದು ಗೆಲಿಲಿಯೋ ಹಾಕಿಕೊಟ್ಟ ಲೆಕ್ಕವನ್ನು. ಗಾಳಿಯ ಗೊಡವೆ ಇಲ್ಲದಿದ್ದರೆ ಎಸೆದ ವಸ್ತು ಪ್ಯಾರಾಬೋಲಾ ಎಂಬ ಬಾಗಿನಲ್ಲಿ ಹೋಗುತ್ತದೆ ಎಂದು ನಾವೂ ಪಿಯುಸಿಯಲ್ಲಿ ಓದಿದ್ದೇವೆ. ಭಾರವಾದ ಸೀಸದ ಗುಂಡಿಗೆ ತೆಳ್ಳನೆಯ ಗಾಳಿ ಏನು ಮಾಡೀತು ಎಂಬುದು ಎಲ್ಲರ ಅನಿಸಿಕೆ. ರಾಬಿನ್ಸ್‌ಗೆ ಅನಿಸಿಕೆ ಬೇಕಿರಲಿಲ್ಲ, ಅಳತೆ ಬೇಕಿತ್ತು. ಆದರೆ ಅಳೆಯುವುದು ಹೇಗೆ? ಕಣ್ಣಿಗೆ ಕಾಣದ ವೇಗದಲ್ಲಿ ಓಡುವ ವಸ್ತು ಅದು. ಸೆಕೆಂಡಿನ ಸಾವಿರದ ಒಂದು ಪಾಲನ್ನು ತೋರಿಸುವ ಗಡಿಯಾರ ಆಗಿನ್ನೂ ಇರಲಿಲ್ಲ.

ಆತ ಕಂಡುಕೊಂಡ ಉಪಾಯ ಎಷ್ಟು ಸರಳವೆಂದರೆ ಈಗಲೂ ಕಾಲೇಜಿನ ಭೌತಶಾಸ್ತ್ರದಲ್ಲಿ ಅದರ ಲೆಕ್ಕ ಕೊಡುತ್ತಾರೆ. ಮರದ ಹಲಗೆ ಬಿಗಿದ ಭಾರದ ಲೋಲಕವೊಂದನ್ನು ತೂಗು ಹಾಕಿದ. ಲೋಲಕದ ತೂಕ ಸುಮಾರು 56 ಪೌಂಡು, ಗುಂಡಿನ ತೂಕ ಪೌಂಡಿನ 12ನೇ ಒಂದು ಪಾಲು. ಗುಂಡು ಹಲಗೆಗೆ ಬಡಿದು ಅದರೊಳಗೇ ಹೂತುಹೋಗುತ್ತದೆ, ಲೋಲಕ ತುಸು ಹಿಂದಕ್ಕೆ ತೂಗುತ್ತದೆ. ಲೋಲಕಕ್ಕೆ ಕಟ್ಟಿದ ರಿಬ್ಬನ್ ಎಷ್ಟು ಅಂಗುಲ ಎಳೆದುಕೊಂಡಿತು ಎಂದು ನೋಡಿದರೆ ಎಷ್ಟು ತೂಗಿತು ಎಂಬುದು ತಿಳಿಯುತ್ತದೆ. ಗುಂಡಿಗಿಂತ ಲೋಲಕ 670 ಪಟ್ಟು ಭಾರ. ಆದ್ದರಿಂದ ಗುಂಡಿನ ಭಯಂಕರ ವೇಗ ಹೆಚ್ಚುಕಡಿಮೆ ಅಷ್ಟೇ ಪಾಲು ತಗ್ಗಿ ಉಯ್ಯಾಲೆಯ ವೇಗವಾಗುತ್ತದೆ. ಉಯ್ಯಾಲೆಯನ್ನು ಯಾರು ಬೇಕಾದರೂ ಅಳೆಯಬಹುದು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಗುಂಡಿನ ವೇಗ ಸಿಗುತ್ತದೆ. ಮಸ್ಕೆಟ್ ಗುಂಡಿನ ವೇಗ ಸೆಕೆಂಡಿಗೆ ಸುಮಾರು 1,700 ಅಡಿ ಎಂದು ಬಂತು. ಎಂದರೆ ಎರಡು ಸೆಕೆಂಡಿಗೆ ಒಂದು ಕಿಲೋಮೀಟರ್.

ಈಗ ಆ ವೇಗವನ್ನು ಗೆಲಿಲಿಯೋ ಸೂತ್ರಕ್ಕೆ ಹಾಕಿ ನೋಡಿ. 45 ಡಿಗ್ರಿ ಕೋನದಲ್ಲಿ ಹಾರಿಸಿದರೆ ಗುಂಡು 17 ಮೈಲಿ ಹೋಗಿ ಬೀಳಬೇಕು. ಎಂದರೆ 27 ಕಿಲೋಮೀಟರ್. ವಾಸ್ತವದಲ್ಲಿ ಅದು ಒಂದು ಮೈಲಿಯನ್ನೂ ಮುಟ್ಟುವುದಿಲ್ಲ. ಉಳಿದದ್ದೆಲ್ಲ ಎಲ್ಲಿ ಹೋಯಿತು? ಗಾಳಿ ತಿಂದಿತು. ಲೋಲಕವನ್ನು ಬೇರೆ ಬೇರೆ ದೂರಗಳಲ್ಲಿ ಇಟ್ಟು ಗುಂಡು ಹೊಡೆದು, ದಾರಿಯಲ್ಲಿ ಎಷ್ಟು ವೇಗ ಸೋರಿತು ಎಂದು ರಾಬಿನ್ಸ್ ಲೆಕ್ಕ ಹಾಕಿದ. ಹೆಚ್ಚಿನ ವೇಗದಲ್ಲಿ ಗಾಳಿಯ ತಡೆ ಗುಂಡಿನ ತೂಕದ ನೂರು ಪಟ್ಟಿಗೂ ಮೀರುತ್ತದೆ ಎಂದು ಗೊತ್ತಾಯಿತು. ಶಬ್ದದ ವೇಗದ ಆಸುಪಾಸಿನಲ್ಲಿ ಈ ತಡೆ ಇದ್ದಕ್ಕಿದ್ದಂತೆ ಏರುವುದನ್ನೂ ಆತ ಗಮನಿಸಿದ್ದ. ವಿಮಾನ ತಯಾರಕರು ಇದೇ ತೊಡಕಿಗೆ ಸಿಕ್ಕಿಬಿದ್ದದ್ದು ಇನ್ನೂರು ವರ್ಷಗಳ ನಂತರ.

ಪುಸ್ತಕ ಬರ್ಲಿನ್‌ನಲ್ಲಿದ್ದ ಲಿಯೊನಾರ್ಡ್ ಆಯ್ಲರ್ ಕೈಗೆ ಹೋಯಿತು. ಆ ಕಾಲದ ಗಣಿತಜ್ಞರಲ್ಲಿ ಅಗ್ರಗಣ್ಯರು ಅವರು. ಇದೇ ರಾಬಿನ್ಸ್ ಕೆಲವು ವರ್ಷ ಮೊದಲು ಆಯ್ಲರರ ಗ್ರಂಥವೊಂದನ್ನು ಕಟುವಾಗಿ ಟೀಕಿಸಿ ಬರೆದಿದ್ದ. ಆ ಹಳೆಯ ಲೆಕ್ಕವನ್ನು ಆಯ್ಲರ್ ಇಟ್ಟುಕೊಳ್ಳಲಿಲ್ಲ. 1745ರಲ್ಲಿ ರಾಬಿನ್ಸನ ಪುಸ್ತಕವನ್ನು ತಾವೇ ಜರ್ಮನ್ ಭಾಷೆಗೆ ತಂದರು, ಮೂಲಕ್ಕಿಂತ ಎಷ್ಟೋ ದೊಡ್ಡದಾದ ಟಿಪ್ಪಣಿ ಸೇರಿಸಿದರು. ಅದು ಅಲ್ಲಿಂದ ಫ್ರೆಂಚಿಗೂ ಹೋಯಿತು. ಅದನ್ನು ಫ್ರೆಂಚಿಗೆ ತಂದ ಲೊಂಬಾರ್ ಅವರು ಪಾಠ ಹೇಳುತ್ತಿದ್ದ ತೋಪಿನ ಶಾಲೆಯಲ್ಲಿ ಮುಂದೆ ಕಲಿತವರಲ್ಲಿ ನೆಪೋಲಿಯನ್ ಒಬ್ಬ.

ರಾಬಿನ್ಸನ ಮುಂದಿನ ಪ್ರಶ್ನೆಯೇ ನಮ್ಮ ವಿಷಯ. ಮಸ್ಕೆಟ್ಟನ್ನು ಅಲುಗಾಡದಂತೆ ಬಿಗಿದು, ಅಷ್ಟೇ ಮದ್ದು, ಅಷ್ಟೇ ತೂಕದ ಗುಂಡು ಹಾಕಿ ಹತ್ತು ಸಲ ಹಾರಿಸಿದರೂ ಗುಂಡುಗಳು ಒಂದೇ ಕಡೆ ಹೋಗುವುದಿಲ್ಲ. ಒಂದು ಎಡಕ್ಕೆ, ಒಂದು ಬಲಕ್ಕೆ, ಇನ್ನೊಂದು ಮೇಲಕ್ಕೆ. ಏಕೆ?

ಮಸ್ಕೆಟ್ ಹೇಗೆ ಕೆಲಸ ಮಾಡುತ್ತದೆ ನೋಡಿ. ಬ್ರಿಟಿಷ್ ಸೈನಿಕರ ಬ್ರೌನ್ ಬೆಸ್ ಎಂಬ ಮಸ್ಕೆಟ್‌ನ ನಳಿಗೆಯ ಒಳ ಅಗಲ ಮುಕ್ಕಾಲು ಅಂಗುಲ. ಅದಕ್ಕೆ ಹಾಕುವ ಗುಂಡು ಅದಕ್ಕಿಂತ ಚಿಕ್ಕದು, ಸುಮಾರು 0.69 ಅಂಗುಲ. ಬೇಕೆಂದೇ ಹೀಗೆ ಸಡಿಲ ಬಿಟ್ಟದ್ದು. ಮದ್ದು ಸುಟ್ಟ ಮಸಿ ನಳಿಗೆಯಲ್ಲಿ ಕಟ್ಟಿಕೊಂಡರೂ ಮುಂದಿನ ಗುಂಡು ಸರಾಗವಾಗಿ ಇಳಿಯಬೇಕಲ್ಲ. ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಸಲ ಹಾರಿಸಬಹುದಿತ್ತು. ಆದರೆ ಸಡಿಲ ಗುಂಡು ನಳಿಗೆಯ ಗೋಡೆಗೆ ಬಡಿಯುತ್ತಾ, ಉಜ್ಜುತ್ತಾ ಹೊರಬರುತ್ತದೆ. ಕೊನೆಯ ಸಲ ಯಾವ ಗೋಡೆಗೆ ಉಜ್ಜಿತೋ ಅದಕ್ಕೆ ತಕ್ಕಂತೆ ತಿರುಗುತ್ತಾ ಹಾರುತ್ತದೆ. ಆ ತಿರುಗುವಿಕೆಯೇ ಗಾಳಿಯಲ್ಲಿ ಗುಂಡನ್ನು ಪಕ್ಕಕ್ಕೆ ಎಳೆಯುತ್ತದೆ ಎಂಬುದು ರಾಬಿನ್ಸನ ಊಹೆ. ಪ್ರತಿ ಸಲವೂ ತಿರುಗುವ ದಿಕ್ಕು ಬೇರೆ, ಹಾಗಾಗಿ ಹೋಗುವ ದಾರಿಯೂ ಬೇರೆ.

ಇದನ್ನು ಸಾಧಿಸಲು ಆತ ಎರಡು ಆಟಗಳನ್ನು ಕಟ್ಟಿದ. ಒಂದರಲ್ಲಿ ಮರದ ಚೆಂಡನ್ನು ಜೋಡಿ ದಾರದಲ್ಲಿ ತೂಗು ಹಾಕಿ, ದಾರವನ್ನು ಚೆನ್ನಾಗಿ ಹುರಿ ಮಾಡಿ ಬಿಟ್ಟ. ಹುರಿ ಬಿಚ್ಚಿಕೊಳ್ಳುತ್ತಾ ಚೆಂಡು ಗಿರ್ರನೆ ತಿರುಗುತ್ತಿರುವಾಗ ಅದನ್ನು ಗಡಿಯಾರದ ಲೋಲಕದಂತೆ ತೂಗಿಬಿಟ್ಟರೆ ನೇರ ಗೆರೆಯಲ್ಲಿ ತೂಗುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. ಇನ್ನೊಂದು ಹೆಚ್ಚು ಸ್ವಾರಸ್ಯದ್ದು. ಮಸ್ಕೆಟ್‌ನ ನಳಿಗೆಯ ತುದಿಯನ್ನು ಮೂರು ನಾಲ್ಕು ಡಿಗ್ರಿಯಷ್ಟು ಎಡಕ್ಕೆ ಬಾಗಿಸಿದ. ದಾರಿಯಲ್ಲಿ ತೆಳು ಕಾಗದದ ಪರದೆಗಳನ್ನು ನಿಲ್ಲಿಸಿ ಗುಂಡು ಹಾರಿಸಿದ. ನೋಡುವ ಯಾರಾದರೂ ಗುಂಡು ಎಡಕ್ಕೇ ಹೋಗುತ್ತದೆ ಎನ್ನಬೇಕು. ಆದರೆ ಬಾಗಿದ ನಳಿಗೆಯಲ್ಲಿ ಗುಂಡು ಬಲಗಡೆಯ ಗೋಡೆಗೆ ಒತ್ತಿಕೊಂಡು ಉರುಳುತ್ತಾ ಬರುತ್ತದೆ. ಹಾಗೆ ಪಡೆದ ತಿರುಗುವಿಕೆ ಅದನ್ನು ಬಲಕ್ಕೆ ತಿರುಗಿಸಬೇಕು ಎಂಬುದು ಆತನ ಲೆಕ್ಕ. ಪರದೆಗಳ ತೂತುಗಳು ಅದನ್ನೇ ಹೇಳಿದವು. ಗುಂಡು ಮೊದಲು ಎಡಕ್ಕೆ ಹೋಗಿ, ಆಮೇಲೆ ಬಾಗಿ, ಗುರಿಯ ಗೆರೆಯನ್ನು ದಾಟಿ ಬಲಕ್ಕೆ ಹೋಗಿತ್ತು.

ಪ್ರಸನ್ನ ಅವರ ಬೌಲಿಂಗ್ ನೋಡಿದ ಹಿರಿಯರು ಚೆಂಡು ಗಾಳಿಯಲ್ಲೇ ಬ್ಯಾಟ್ಸ್‌ಮನ್‌ನನ್ನು ಏಮಾರಿಸುತ್ತಿತ್ತು ಎಂದು ಇಂದಿಗೂ ವರ್ಣಿಸುತ್ತಾರೆ. ಅದೂ ಇದೇ ತತ್ವ. ತಿರುಗುವ ಚೆಂಡು ತನ್ನ ಸುತ್ತಲಿನ ಗಾಳಿಯನ್ನು ಒಂದು ಪಕ್ಕಕ್ಕೆ ಹೆಚ್ಚು ತಳ್ಳುತ್ತದೆ, ತಾನು ಇನ್ನೊಂದು ಪಕ್ಕಕ್ಕೆ ಜರುಗುತ್ತದೆ. ಪಠ್ಯಪುಸ್ತಕಗಳು ಇದನ್ನು ಮ್ಯಾಗ್ನಸ್ ಪರಿಣಾಮ ಎನ್ನುತ್ತವೆ. ಮ್ಯಾಗ್ನಸ್ ಇದರ ಬಗ್ಗೆ ಬರೆದದ್ದು 1850ರ ದಶಕದಲ್ಲಿ. ರಾಬಿನ್ಸ್ ತೋರಿಸಿದ್ದು ಅದಕ್ಕೂ ನೂರು ವರ್ಷ ಮೊದಲು. ಹೆಸರು ತಪ್ಪಿಹೋಗಲು ಆಯ್ಲರ್ ಕೂಡ ಒಂದು ಕಾರಣ. ಉಳಿದ ಎಲ್ಲದರಲ್ಲೂ ರಾಬಿನ್ಸನನ್ನು ಮೆಚ್ಚಿದ ಅವರು ಇದೊಂದನ್ನು ಒಪ್ಪಲಿಲ್ಲ. ಗುಂಡುಗಳು ಸರಿಯಾಗಿ ದುಂಡಗಿಲ್ಲದಿರುವುದೇ ಕಾರಣ ಎಂದುಬಿಟ್ಟರು. ದೊಡ್ಡವರ ಒಂದು ಮಾತು ಬಹಳ ಕಾಲ ನಿಂತಿತು.

ಹಾಗಾದರೆ ಪರಿಹಾರವೇನು? ತಿರುಗುವುದನ್ನು ತಡೆಯಲು ಆಗುವುದಿಲ್ಲ. ಆದರೆ ಯಾವ ಕಡೆಗೆ ತಿರುಗಬೇಕು ಎಂದು ನಾವೇ ನಿರ್ಧರಿಸಬಹುದು. ಗುಂಡು ತಾನು ಹೋಗುವ ದಿಕ್ಕನ್ನೇ ಅಚ್ಚಾಗಿ ಮಾಡಿಕೊಂಡು, ಬೈರಿಗೆಯಂತೆ ತಿರುಗುತ್ತಾ ಹೋದರೆ ಗಾಳಿ ಅದನ್ನು ಎಡಕ್ಕೂ ಬಲಕ್ಕೂ ಎಳೆಯಲು ಕಾರಣವೇ ಇರುವುದಿಲ್ಲ. ರೈಫಲ್‌ನ ಸುರುಳಿ ಗೀರುಗಳು ಮಾಡುವುದು ಇದನ್ನೇ. ಬಿಗಿಯಾಗಿ ಕೂತ ಗುಂಡನ್ನು ಗೀರುಗಳು ಹಿಡಿದು ತಿರುಗಿಸುತ್ತಾ ಹೊರಗೆ ಕಳಿಸುತ್ತವೆ. ಇಂಥ ನಳಿಗೆಗಳು ಆಗಲೇ ಇನ್ನೂರು ವರ್ಷಗಳಿಂದ ಜರ್ಮನಿ ಕಡೆಯ ಬೇಟೆಗಾರರ ಬಳಿ ಇದ್ದವು. ಗುರಿ ತಪ್ಪುವುದಿಲ್ಲ ಎಂಬ ಅನುಭವ ಅವರಿಗಿತ್ತು. ಏಕೆ ಎಂಬುದಕ್ಕೆ ತಲೆಗೊಂದು ವಿವರಣೆ ಇತ್ತು. 1747ರಲ್ಲಿ ರಾಬಿನ್ಸ್ ರಾಯಲ್ ಸೊಸೈಟಿಯ ಮುಂದೆ ಓದಿದ ಪ್ರಬಂಧ ಆ ವಿವರಣೆಗಳನ್ನು ಬದಿಗಿಟ್ಟು ನಿಜವಾದ ಕಾರಣ ಹೇಳಿತು. ದುಂಡನೆಯ ಗುಂಡಿನ ಬದಲು ಮೊಟ್ಟೆಯಾಕಾರದ್ದು ಉತ್ತಮ ಎಂದಿತು. ಬಾಯಿಯಿಂದ ತುಂಬುವ ಬದಲು ಹಿಂದಿನಿಂದ ತುಂಬುವ ರೈಫಲ್‌ಗಳತ್ತ ಬೊಟ್ಟು ಮಾಡಿತು. ಯಾವ ದೇಶ ರೈಫಲ್ಲನ್ನು ಸರಿಯಾಗಿ ಅರಿತು ತನ್ನ ಸೈನ್ಯಕ್ಕೆ ಪೂರ್ತಿಯಾಗಿ ಕೊಡುತ್ತದೋ, ಅದಕ್ಕೆ ಸಿಗುವ ಮೇಲುಗೈ ಕೋವಿ ಮೊದಲು ಬಂದಾಗ ಸಿಕ್ಕ ಮೇಲುಗೈಗೆ ಹತ್ತಿರ ಇರುತ್ತದೆ ಎಂಬ ಅರ್ಥದ ಎಚ್ಚರಿಕೆಯೊಂದಿಗೆ ಪ್ರಬಂಧ ಮುಗಿಯುತ್ತದೆ. ಅದೇ ಸುಮಾರಿಗೆ ಸೊಸೈಟಿ ಅವನಿಗೆ ತನ್ನ ಕೋಪ್ಲಿ ಪದಕವನ್ನೂ ಕೊಟ್ಟಿತ್ತು.

ಪದಕ ಸಿಕ್ಕಿತು, ಸೈನ್ಯ ಬದಲಾಗಲಿಲ್ಲ. ಅದಕ್ಕೆ ಸೇನಾಪತಿಗಳ ದಡ್ಡತನವನ್ನೇ ದೂರಿದರೆ ಅನ್ಯಾಯ. ರೈಫಲ್‌ಗೆ ಗುಂಡು ಬಿಗಿಯಾಗಿರಬೇಕು. ಬಿಗಿ ಗುಂಡನ್ನು ಉದ್ದ ನಳಿಗೆಯ ಬಾಯಿಯಿಂದ ಇಳಿಸಲು ಎಣ್ಣೆ ಬಟ್ಟೆ ಸುತ್ತಿ, ಕೆಲವೊಮ್ಮೆ ಸುತ್ತಿಗೆಯಿಂದ ಬಡಿದು ತಳ್ಳಬೇಕು. ಮಸ್ಕೆಟ್‌ನವನು ಮೂರು ಗುಂಡು ಹಾರಿಸುವಷ್ಟರಲ್ಲಿ ರೈಫಲ್‌ನವನದು ಒಂದು. ನಾಲ್ಕಾರು ಸಲ ಹಾರಿಸಿದ ಮೇಲೆ ಮಸಿ ಕಟ್ಟಿ ಗುಂಡು ಇಳಿಯುವುದೇ ಇಲ್ಲ. ಸಾಲಾಗಿ ನಿಂತು, ಗುರಿಯಿಡದೆ, ಎದುರಿನ ಸಾಲಿನತ್ತ ಒಟ್ಟಿಗೆ ಹಾರಿಸುವ ಅಂದಿನ ಯುದ್ಧದಲ್ಲಿ ಬೇಕಾದದ್ದು ನಿಖರತೆಗಿಂತ ವೇಗ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇಂಥವು ಇರುತ್ತವೆ. ತತ್ವ ಸರಿ, ಫಲಿತಾಂಶ ಸರಿ, ಆದರೆ ದಿನನಿತ್ಯ ಬಳಸುವವನ ಕೈಗೆ ಒಗ್ಗುವುದಿಲ್ಲ. ಆಗ ಅದು ಪ್ರಬಂಧವಾಗಿಯೇ ಉಳಿಯುತ್ತದೆ.

1749ರ ಹೊತ್ತಿಗೆ ರಾಬಿನ್ಸ್‌ಗೆ ಎರಡು ಕೆಲಸಗಳು ಎದುರಿಗಿದ್ದವು. ಒಂದು ಪ್ಯಾರಿಸ್‌ಗೆ ಹೋಗಿ, ಅಮೆರಿಕದ ಅಕೇಡಿಯಾ ಪ್ರಾಂತ್ಯದ ಗಡಿ ಮಾತುಕತೆಯಲ್ಲಿ ಕೂರುವುದು. ಇನ್ನೊಂದು ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರ್ ಜನರಲ್ ಆಗಿ ಭಾರತಕ್ಕೆ ಹೋಗುವುದು. ಆತ ಆರಿಸಿಕೊಂಡದ್ದು ಎರಡನೆಯದು. ಕಂಪನಿಗೆ ಆಗ ಎಂಜಿನಿಯರ್ ತುರ್ತಾಗಿ ಬೇಕಿತ್ತು. 1746ರಲ್ಲಿ ಫ್ರೆಂಚರು ಮದ್ರಾಸನ್ನು ಕಿತ್ತುಕೊಂಡಿದ್ದರು. ಒಪ್ಪಂದವಾಗಿ ಊರು 1749ರಲ್ಲಿ ಮರಳಿ ಸಿಕ್ಕಿದರೂ ಕೋಟೆ ಎಷ್ಟು ಸಡಿಲ ಎಂಬುದು ಎಲ್ಲರಿಗೂ ತಿಳಿದುಹೋಗಿತ್ತು. ಕಂಪನಿಯ ಆಡಳಿತ ಕಡಲೂರಿನ ಪಕ್ಕದ ಸೇಂಟ್ ಡೇವಿಡ್ ಕೋಟೆಯಿಂದ ನಡೆಯುತ್ತಿತ್ತು.

ವರ್ಷದ ಕೊನೆಗೆ ಹಡಗು ಹತ್ತಿದ ರಾಬಿನ್ಸ್ 1750ರ ಜುಲೈನಲ್ಲಿ ಆ ಕೋಟೆಗೆ ಬಂದಿಳಿದ. ಕೋಟೆ ಕಟ್ಟುವ ಸಾಮಾನುಗಳ ಜತೆಗೆ ಆಕಾಶ ನೋಡುವ ಉಪಕರಣಗಳನ್ನೂ ತಂದಿದ್ದ. ಬಿಡುವಾದಾಗ ಇಲ್ಲಿಯ ರಾತ್ರಿಗಳಲ್ಲಿ ನಕ್ಷತ್ರ ಅಳೆಯುವ ಆಸೆ ಇತ್ತೇನೋ. ಬಂದವನೇ ಮದ್ರಾಸ್ ಮತ್ತು ಸೇಂಟ್ ಡೇವಿಡ್ ಎರಡೂ ಕೋಟೆಗಳಿಗೆ ನಕ್ಷೆ ಹಾಕಲು ಕೂತ. ಸೆಪ್ಟೆಂಬರ್‌ನಲ್ಲಿ ಜ್ವರ ಹಿಡಿಯಿತು. ಚೇತರಿಸಿಕೊಂಡರೂ ಮೈ ಮೊದಲಿನಂತಾಗಲಿಲ್ಲ. ಇಲ್ಲಿಯ ಬಿಸಿಲು, ಉಪ್ಪುಗಾಳಿ, ಬೆವರು ಏನು ಮಾಡುತ್ತವೆ ಎಂದು ತಂಪು ನಾಡಿನಿಂದ ಬಂದ ನಮ್ಮಂಥವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮಗಾದರೂ ಏಸಿ ಇದೆ, ಶುಕ್ರವಾರ ರಾತ್ರಿ ಊರಿನ ಬಸ್ಸಿದೆ. 1751ರ ಜುಲೈ 29ರಂದು ರಾಬಿನ್ಸ್ ತೀರಿಕೊಂಡ. ವಯಸ್ಸು 44. ಮದುವೆಯಾಗಿರಲಿಲ್ಲ. ಕಂಪನಿಗೆ ಕಳಿಸಬೇಕಾದ ವರದಿ ಬರೆಯುತ್ತಾ, ಲೇಖನಿ ಕೈಯಲ್ಲಿರುವಾಗಲೇ ಜೀವ ಹೋಯಿತು ಎಂದು ಅವನ ಬಗ್ಗೆ ಹೇಳುತ್ತಾ ಬಂದಿದ್ದಾರೆ. ಸುಮಾರು ಒಂದು ತಿಂಗಳಿಗೆ ರಾಬರ್ಟ್ ಕ್ಲೈವ್ ಆರ್ಕಾಟನ್ನು ಹಿಡಿದ, ಕಂಪನಿಯ ದೆಸೆ ತಿರುಗಿತು. ರಾಬಿನ್ಸ್ ನಕ್ಷೆ ಹಾಕಿದ ಸೇಂಟ್ ಡೇವಿಡ್ ಕೋಟೆಯನ್ನು 1758ರಲ್ಲಿ ಫ್ರೆಂಚರು ಗೆದ್ದು ಕೆಡವಿದರು. ಗೆಳೆಯ ಜೇಮ್ಸ್ ವಿಲ್ಸನ್ 1761ರಲ್ಲಿ ಅವನ ಬರಹಗಳನ್ನು ಎರಡು ಸಂಪುಟಗಳಲ್ಲಿ ಅಚ್ಚು ಹಾಕಿಸದಿದ್ದರೆ ನಮಗೆ ಸಿಗುತ್ತಿದ್ದದ್ದು ಇನ್ನೂ ಕಡಿಮೆ.

ಅವನ ಎಚ್ಚರಿಕೆ ನಿಜವಾಗಲು ಒಂದು ಶತಮಾನ ಹಿಡಿಯಿತು. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಬಿದ್ದಾಗಲೂ ಎರಡೂ ಕಡೆಯ ಸಿಪಾಯಿಗಳ ಕೈಯಲ್ಲಿ ಬಹುಪಾಲು ಇದ್ದದ್ದು ನುಣುಪು ನಳಿಗೆಯ ಕೋವಿಗಳೇ. ಮರುವರ್ಷ ಬ್ರಿಟಿಷ್ ಸೈನ್ಯ ಬೇಕರ್ ರೈಫಲ್ಲನ್ನು ಒಪ್ಪಿಕೊಂಡಿತು. ಆದರೆ ಅದು ಸಿಕ್ಕಿದ್ದು ಆಯ್ದ ಕೆಲವರಿಗೆ ಮಾತ್ರ. ತುಂಬುವ ಕಷ್ಟ ಹಾಗೇ ಉಳಿದಿತ್ತು. ಅದು ಬಗೆಹರಿದ ಕತೆಯಲ್ಲೂ ದಕ್ಷಿಣ ಭಾರತ ಬರುತ್ತದೆ. ಇಲ್ಲಿ ಸೈನ್ಯದಲ್ಲಿದ್ದ ಕ್ಯಾಪ್ಟನ್ ನಾರ್ಟನ್ ಎಂಬಾತ ಇಲ್ಲಿಯ ಜನ ಊದುಗೊಳವೆಯಿಂದ ಬಾಣ ಊದುವುದನ್ನು ನೋಡಿದನಂತೆ. ಬಾಣದ ಬುಡಕ್ಕೆ ಬೆಂಡಿನ ತುಂಡು ಕಟ್ಟಿರುತ್ತಿದ್ದರು, ಊದಿದಾಗ ಅದು ಉಬ್ಬಿ ಕೊಳವೆಗೆ ಬಿಗಿಯಾಗಿ ಕೂರುತ್ತಿತ್ತು. ಬುಡ ಟೊಳ್ಳಾದ ಗುಂಡು ಮಾಡಿದರೆ ಮದ್ದಿನ ಒತ್ತಡಕ್ಕೆ ಅದೂ ಹೀಗೇ ಉಬ್ಬಬೇಕು ಎಂದು ಅವನಿಗೆ ಹೊಳೆದದ್ದು ಅದರಿಂದ ಎಂದು ಹೇಳುತ್ತಾರೆ. ಇದೇ ತತ್ವವನ್ನು 1840ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಮಿನಿಯೆ ಪಳಗಿಸಿದ. ಚೂಪು ಮೂತಿ, ಟೊಳ್ಳು ಬುಡದ ಗುಂಡು ಸಡಿಲವಾಗಿ ಇಳಿಯುತ್ತದೆ, ಹಾರಿಸಿದ ಕ್ಷಣ ಉಬ್ಬಿ ಗೀರುಗಳನ್ನು ಕಚ್ಚುತ್ತದೆ. ಮಸ್ಕೆಟ್‌ನ ವೇಗ, ರೈಫಲ್‌ನ ಗುರಿ ಎರಡೂ ಒಂದೇ ಕೋವಿಯಲ್ಲಿ ಸಿಕ್ಕವು.

ಬ್ರಿಟಿಷರು 1853ರಲ್ಲಿ ತಂದ ಎನ್‌ಫೀಲ್ಡ್ ಇಂಥದ್ದು. ಅದರ ನಳಿಗೆಯಲ್ಲಿ ಮೂರು ಗೀರುಗಳು, 78 ಅಂಗುಲಕ್ಕೆ ಒಂದು ಸುತ್ತು. ಗೀರುಗಳಿಗೆ ಮಸಿ ಕಚ್ಚದಿರಲಿ, ಗುಂಡು ಜಾರಿ ಇಳಿಯಲಿ ಎಂದು ತೋಟೆಯ ಕಾಗದಕ್ಕೆ ಕೊಬ್ಬು ಸವರಬೇಕಿತ್ತು. ಹಳೆಯ ಬ್ರೌನ್ ಬೆಸ್‌ನ ತೋಟೆಗೆ ಕೊಬ್ಬು ಬೇಕಿರಲಿಲ್ಲ. ಅದರ ಒಣ ಕಾಗದವನ್ನು ಸಿಪಾಯಿಗಳು ತಲೆಮಾರುಗಳಿಂದ ಹಲ್ಲಿನಿಂದ ಕಚ್ಚಿ ಹರಿಯುತ್ತಿದ್ದರು. 1857ರ ಆರಂಭದಲ್ಲಿ ಹೊಸ ತೋಟೆಯ ಕೊಬ್ಬು ದನದ್ದು, ಹಂದಿಯದು ಎಂಬ ಸುದ್ದಿ ದಂಡುಗಳಲ್ಲಿ ಹರಡಿತು. ಮುಂದಿನದು ಎಲ್ಲರಿಗೂ ಗೊತ್ತು. ಮಾರ್ಚ್ 29ಕ್ಕೆ ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ, ಮೇ 10ಕ್ಕೆ ಮೀರತ್. ದಂಗೆಗೆ ಕಾರಣಗಳು ನೂರಿದ್ದವು, ರಾಜ್ಯಗಳನ್ನು ನುಂಗಿದ್ದು, ಕಂದಾಯ, ಅವಮಾನ. ಆದರೆ ಕಿಡಿ ಹೊತ್ತಿದ ಜಾಗ ನುಣುಪು ನಳಿಗೆಗೂ ಗೀರು ನಳಿಗೆಗೂ ನಡುವಿನ ಆ ಸಣ್ಣ ವ್ಯತ್ಯಾಸ. ಆ ಬಿಸಿ ಕರ್ನಾಟಕಕ್ಕೂ ತಟ್ಟಿತು. ದಂಗೆಗೆ ಬೆದರಿದ ಸರಕಾರ ಜನರ ಆಯುಧಗಳನ್ನು ಒಪ್ಪಿಸಬೇಕೆಂದು ಕಾಯ್ದೆ ಮಾಡಿತು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಿಸಲಿಲ್ಲ. ಅದೇ ವರ್ಷ ಅವರ ಊರನ್ನು ಸೈನ್ಯ ಸುಟ್ಟಿತು, ಹಲವರನ್ನು ನೇಣಿಗೆ ಹಾಕಿತು. ಉತ್ತರ ಕರ್ನಾಟಕದ ಲಾವಣಿಕಾರರು ಆ ಕತೆಯನ್ನು ಉಳಿಸಿಕೊಂಡಿದ್ದಾರೆ.

ರಾಬಿನ್ಸನ ಪ್ರಶ್ನೆ, ಗುಂಡು ಏಕೆ ನೇರ ಹೋಗುವುದಿಲ್ಲ ಎಂಬುದು. ಯಾರ ಎದೆಗೆ ಹೋಗುತ್ತದೆ ಎಂಬುದು ಅವನ ಬರಹಗಳಲ್ಲಿ ಪ್ರಶ್ನೆಯಾಗಿ ಬರುವುದಿಲ್ಲ. ಆಯುಧ ಮುಟ್ಟದವರ ಮನೆಯಲ್ಲಿ ಹುಟ್ಟಿದವನಿಗೆ ಅದು ಒಮ್ಮೆಯಾದರೂ ಕಾಡಿರಬೇಕು ಎಂದು ನನಗೆ ಅನಿಸುತ್ತದೆ. ಅವನನ್ನು ಖಳನಾಯಕ ಮಾಡಲು ಮನಸ್ಸು ಒಪ್ಪುವುದಿಲ್ಲ. ಎಲ್ಲರೂ ನಂಬಿದ್ದನ್ನು ಒಂದು ಮರದ ಹಲಗೆ, ಒಂದು ರಿಬ್ಬನ್ ಹಿಡಿದು ಪರೀಕ್ಷಿಸಿದ ಧೈರ್ಯ ಸಣ್ಣದಲ್ಲ. ಎಂಜಿನಿಯರ್ ಆಗಿ ನಾನು ಅವನಿಂದ ಕಲಿಯಬೇಕಾದ್ದು ಬಹಳ ಇದೆ. ಹಾಗೆಂದು ಅವನನ್ನು ಬರೀ ವಿಜ್ಞಾನಿ ಎಂದು ಹೂಹಾರ ಹಾಕಿ ಬಿಡಲೂ ಆಗುವುದಿಲ್ಲ. ಅವನ ಸಂಬಳ ಕೊಟ್ಟ ಕಂಪನಿ ಯಾವುದು, ಅದು ಈ ನೆಲದಲ್ಲಿ ಏನು ಮಾಡಿತು ಎಂಬುದು ನಮ್ಮ ಮುಂದಿದೆ. ನಮಗೂ ದಿನಾ ಕೆಲಸ ಬರುತ್ತದೆ, ಯಾರದೋ ವ್ಯವಸ್ಥೆಯ ಯಾವುದೋ ಮೂಲೆ ಸರಿಪಡಿಸಬೇಕು. ಸರಿಯಾಗಿ ಓಡುತ್ತದೆಯೇ ಎಂದು ನೋಡುತ್ತೇವೆ, ಮುಗಿಸುತ್ತೇವೆ. ಎಲ್ಲಿಗೆ, ಯಾರಿಗಾಗಿ ಎಂಬ ಪ್ರಶ್ನೆಯನ್ನೂ ಜತೆಗಿಟ್ಟುಕೊಂಡರೆ ಕೆಲಸ ಕೆಡುವುದಿಲ್ಲ.

ಚೆನ್ನೈನಲ್ಲಿರುವ ಕನ್ನಡಿಗರು ವಾರಾಂತ್ಯಕ್ಕೆ ಪುದುಚೇರಿಗೆ ಹೋಗುವುದು ರೂಢಿ. ಇನ್ನು ಅರ್ಧ, ಮುಕ್ಕಾಲು ಗಂಟೆ ದಕ್ಷಿಣಕ್ಕೆ ಹೋದರೆ ಕಡಲೂರು. ಗಡಿಲಂ ಹೊಳೆ ಸಮುದ್ರ ಸೇರುವ ದೇವನಾಂಪಟ್ಟಿನಂನಲ್ಲಿ ಸೇಂಟ್ ಡೇವಿಡ್ ಕೋಟೆಯ ಅಳಿದುಳಿದ ಕಟ್ಟಡಗಳಿವೆ. ಎದುರಿಗೆ ಕಡಲು, ಮೀನುಗಾರರ ದೋಣಿಗಳು. ಮಕ್ಕಳು ಜತೆಗಿದ್ದರೆ ಮರಳಿನ ಮೇಲೆ ಚೆಂಡಾಟ ಹೇಗೂ ಇರುತ್ತದೆ. ತಿರುಗಿಸಿ ಎಸೆದ ಚೆಂಡು ಪಕ್ಕಕ್ಕೆ ಜರುಗಿದಾಗ, ಅದು ಏಕೆ ಹಾಗಾಗುತ್ತದೆ ಎಂದು ಮೊದಲು ತೋರಿಸಿಕೊಟ್ಟವನು ಕೊನೆಯ ವರ್ಷ ಕಳೆದದ್ದು ಈ ತೀರದಲ್ಲೇ ಎಂದು ಅವರಿಗೆ ಹೇಳಿ.